ಪಿಸಿಎಲ್-5ರಲ್ಲಿ 33 ಬಂದರೆ ಪಿಟಿಎಸ್‌ಡಿ ಅಂತಲೇ ಬರೆಯಬಹುದಾ?

ಚಂದ್ರಗಿರಿ:
ಬದಿಯಡ್ಕ, ಪೆರ್ಲ ಕಡೆ ರಸ್ತೆ ಅಪಘಾತದಲ್ಲಿ ಪೆಟ್ಟಾದ 120 ಮಂದಿಗೆ ಪಿಸಿಎಲ್-5 ಕನ್ನಡದಲ್ಲಿ ಕೊಡಲಿಕ್ಕುಂಟು. ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿಯುವ ಮಾನಸಿಕ ಕಾಯಿಲೆಯ ಲಕ್ಷಣ ಅಳೆಯುವ ಪ್ರಶ್ನಾವಳಿ ಅದು. 20 ಪ್ರಶ್ನೆ, ಒಟ್ಟು 80 ಅಂಕ. 33 ದಾಟಿದವರನ್ನೆಲ್ಲ ಪಿಟಿಎಸ್‌ಡಿ ಲೆಕ್ಕಕ್ಕೆ ಸೇರಿಸಬಹುದಾ? ಎಂಡೋಸಲ್ಫಾನ್ ಬಾಧಿತ ಮಕ್ಕಳ ತಾಯಂದಿರಿಗೂ ಇದನ್ನೇ ಕೊಡಬಹುದಾ?

ಪಯಸ್ವಿನಿ:
ಸೇರಿಸಬೇಡಿ. 31–33 ಅನ್ನುವುದು ಯಾರನ್ನು ಕೂರಿಸಿ ವಿವರವಾಗಿ ಮಾತಾಡಿಸಬೇಕು ಅಂತ ತೋರಿಸುವ ಗೆರೆ, ಅಷ್ಟೇ. ಲೆಕ್ಕ ಹಾಕಿ ನೋಡಿ. ಕಾಯಿಲೆ ಇರುವ ನೂರರಲ್ಲಿ 80 ಮಂದಿಯನ್ನು ಹಿಡಿದು, ಇಲ್ಲದ ನೂರರಲ್ಲಿ 80 ಮಂದಿಯನ್ನು ಬಿಡುವ ಪರೀಕ್ಷೆ ಅಂತ ಇಟ್ಟುಕೊಳ್ಳಿ. 1000 ಜನರಲ್ಲಿ 100 ಮಂದಿಗೆ ಕಾಯಿಲೆ ಇದ್ದರೆ ಸಿಗುವವರು 80. ಕಾಯಿಲೆ ಇಲ್ಲದ 900ರಲ್ಲಿ 180 ಮಂದಿಯೂ ಗೆರೆ ದಾಟುತ್ತಾರೆ. ದಾಟಿದ 260ರಲ್ಲಿ ಮೂರನೇ ಒಂದು ಪಾಲೂ ನಿಜವಲ್ಲ! ಅದೇ ಪರೀಕ್ಷೆ, 1000ದಲ್ಲಿ 400 ಮಂದಿಗೆ ಕಾಯಿಲೆ ಇರುವ ಗುಂಪಿನಲ್ಲಾದರೆ 440ಕ್ಕೆ 320 ಸರಿ.

ಪಿಸಿಎಲ್ ಎಷ್ಟು ಸರಿ ಅಂತ ಹೋಲಿಸಿ ನೋಡಲು ಕ್ಯಾಪ್ಸ್-5 ಬೇಕು, ಅದು ಪಿಟಿಎಸ್‌ಡಿ ಇದೆಯೋ ಇಲ್ಲವೋ ಅಂತ ಕೇಳಿ ನಿರ್ಧರಿಸುವ ಸಂದರ್ಶನ. ತರಬೇತಾದವರೇ ಮಾಡಬೇಕು, ಒಬ್ಬರಿಗೆ 45ರಿಂದ 60 ನಿಮಿಷ. ಅವರಿಗೆ ಪಿಸಿಎಲ್ ಅಂಕ ಗೊತ್ತಿರಬಾರದು. ಹೆಚ್ಚು ಅಂಕದವರನ್ನು ಮಾತ್ರ ಸಂದರ್ಶಿಸುವುದೇ ದೊಡ್ಡ ತಪ್ಪು: ಕಾಯಿಲೆ ಇದ್ದೂ ಪರೀಕ್ಷೆಯಲ್ಲಿ ಸಿಗದವರು ಕಣ್ಣಿಗೇ ಬೀಳುವುದಿಲ್ಲ, ಪರೀಕ್ಷೆ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. 120 ಮಂದಿಯನ್ನೂ ಮಾತಾಡಿಸಿ. ಅಪಘಾತವಾಗಿ ತಿಂಗಳು ತುಂಬದವರನ್ನು ಸೇರಿಸಲೇಬೇಡಿ.

ಮಧುವಾಹಿನಿ:
ಎಡವುವುದು ಭಾಷೆಯಲ್ಲೂ ಉಂಟು. 3ನೇ ಪ್ರಶ್ನೆ ಘಟನೆ ಈಗಲೇ ನಡೆಯುತ್ತಿದೆ ಅನ್ನಿಸುವುದರ ಬಗ್ಗೆ. ಅದನ್ನು ‘ಮತ್ತೆ ಮತ್ತೆ ನೆನಪಾಗುತ್ತದೆಯೇ’ ಅಂತ ಬರೆದರೆ 1ನೇ ಪ್ರಶ್ನೆಯೇ ಆಯಿತು, ಒಂದೇ ಲಕ್ಷಣಕ್ಕೆ ಎರಡು ಸಲ ಅಂಕ. ಮೊದಲು ಹತ್ತು ಮಂದಿಯ ಹತ್ತಿರ ‘ಈ ಪ್ರಶ್ನೆ ಏನು ಕೇಳ್ತದೆ, ನಿಮ್ಮ ಮಾತಲ್ಲಿ ಹೇಳಿ’ ಅನ್ನಿ. ಮನೆಯಲ್ಲಿ ತುಳು, ಮಲಯಾಳಂ ಆಡುವವರಿಗೆ ನಿಂತಲ್ಲೇ ಬಾಯಲ್ಲಿ ತರ್ಜುಮೆ ಮಾಡಬೇಡಿ, ಪ್ರತಿಯೊಬ್ಬರಿಗೂ ಬೇರೆ ಪ್ರಶ್ನೆ ಕೇಳಿದ ಹಾಗಾಗುತ್ತದೆ. 8ನೇ ಪ್ರಶ್ನೆ ಮರೆವಿನದು. ತಲೆಗೆ ಪೆಟ್ಟಾದವರಿಗೆ ಆ ಮರೆವು ಪೆಟ್ಟಿನಿಂದಲೇ ಬಂದಿರಬಹುದು, ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ.

ಪಯಸ್ವಿನಿ:
ತಾಯಂದಿರ ವಿಷಯ ಬೇರೆ. ಪಿಟಿಎಸ್‌ಡಿ ಅನ್ನಬೇಕಾದರೆ ಸಾವು, ಗಂಭೀರ ಗಾಯ, ಲೈಂಗಿಕ ಹಿಂಸೆ ಇಂಥದ್ದೊಂದು ಘಟನೆ ಎದುರಾಗಿರಬೇಕು. ವರ್ಷಗಟ್ಟಲೆ ಮಗುವನ್ನು ಎತ್ತಿ ಇಳಿಸಿ ನಿದ್ದೆಗೆಟ್ಟವರಿಗೆ ನಿದ್ದೆ, ಸಿಟ್ಟು, ಏಕಾಗ್ರತೆಯ ಪ್ರಶ್ನೆಗಳಲ್ಲೇ ಅಂಕ ಏರುತ್ತದೆ. ಅವರ ಸಂಕಟ ಸಣ್ಣದಲ್ಲ, ಆದರೆ ಈ ಹೆಸರು ಅದಕ್ಕೆ ಹೊಂದುವುದಿಲ್ಲ. ಖಿನ್ನತೆ ಅಳೆಯುವ ಪ್ರಶ್ನಾವಳಿ ಪಿಎಚ್‌ಕ್ಯೂ-9 ಕೊಡಿ. ಅದರ 9ನೇ ಪ್ರಶ್ನೆ ಸಾಯುವ ಯೋಚನೆಯದು. ಅಲ್ಲಿ ಸೊನ್ನೆ ಬಿಟ್ಟು ಏನೇ ಬಂದರೂ, ಹಾಳೆ ಫೈಲಿಗೆ ಸೇರುವ ಮೊದಲು, ಅವತ್ತೇ ಕೂತು ಮಾತಾಡಿಸಿ.