ಮೊಚಿಯೋ ಮೋಚಿಯೋ? ಹಣ್ಣಿನ ದೈಫುಕುವಿಗೆ ಬೇಕಾದ ಕೆಲವು ಮಾತುಗಳು

ಎಲ್ಲರಿಗೂ ನಮಸ್ಕಾರ.

ಜಪಾನಿನ ನಗೊಯದಲ್ಲಿ ಹಣ್ಣು ತುಂಬಿದ ದೈಫುಕು ಮಾರುವ ಸಿಹಿತಿಂಡಿಯ ಅಂಗಡಿಯೊಂದರ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಂಟುವ ಅಕ್ಕಿಯಿಂದ ಮಾಡುವ ಮೆತ್ತನೆಯ ತಿಂಡಿ ಮೊಚಿ; ಅದರೊಳಗೆ ಸಿಹಿ ತುಂಬಿ ಉಂಡೆ ಮಾಡಿದರೆ ದೈಫುಕು. ಅಂಗಡಿಗೆ ಹೋಗಿ, ಕೊಂಡು, ತಿಂದದ್ದಾಗಿದೆ. ಬರೆಯಲು ಕುಳಿತಾಗ ಮಾತ್ರ ಕೆಲವು ಪದಗಳು ದಾರಿಗೆ ಅಡ್ಡ ನಿಂತಿವೆ. ಹೆಚ್ಚಿನವಕ್ಕೆ ನನ್ನದೇ ಒಂದು ಉತ್ತರವಿದೆ, ಅದನ್ನು ನೀವು ಒರೆಗೆ ಹಚ್ಚಬೇಕು. ಒಂದಕ್ಕಂತೂ ನಿಮ್ಮಿಂದಲೇ ಉತ್ತರ ಬರಬೇಕು.

ಮೊದಲು ಬರವಣಿಗೆಯ ವಿಷಯ. ಕನ್ನಡದಲ್ಲಿ ಮೊಚಿಯ ಹೆಸರು ‘ಮೋಚಿ’ ಎಂದೇ ಹೆಚ್ಚಾಗಿ ಕಾಣುತ್ತದೆ. ಜಪಾನಿ ಭಾಷೆಯಲ್ಲಿ ಅದರ ಎರಡು ಸ್ವರಗಳೂ ಹ್ರಸ್ವ. ಅಲ್ಲಿ ಹ್ರಸ್ವ ದೀರ್ಘ ಬದಲಾದರೆ ಅರ್ಥವೂ ಬದಲಾಗುತ್ತದೆ: ‘ಒಬಸನ್’ ಎಂದರೆ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸನ್’ ಎಂದರೆ ಅಜ್ಜಿ. ಹಿಂದಿಯ ಬರಹದಲ್ಲಿ ಹ್ರಸ್ವ ಒಕಾರಕ್ಕೆ ಬಳಕೆಯ ಅಕ್ಷರವಿಲ್ಲ, ಹಾಗಾಗಿ ಅವರು ‘ಮೋಚಿ’ ಎಂದು ಬರೆಯುವುದು ಸಹಜ. ನಮಗೆ ಒ ಮತ್ತು ಓ ಎರಡೂ ಇವೆ. ಇರುವ ಅಕ್ಷರವನ್ನು ಬಿಟ್ಟು ಇಲ್ಲದವರ ಹಾದಿ ಹಿಡಿಯುವುದೇಕೆ? ಮೇಲಾಗಿ ಕನ್ನಡದಲ್ಲಿ ಮೋಚಿ ಎಂದರೆ ಚಪ್ಪಲಿ ಹೊಲಿಯುವ ಕಸುಬಿನವನು. ಆದ್ದರಿಂದ ನಾನು ‘ಮೊಚಿ’ ಎಂದೇ ಬರೆಯುತ್ತೇನೆ. ‘ಡೈಫುಕು’ ಇಂಗ್ಲಿಷಿನ ಮೂಲಕ ಬಂದ ರೂಪ. ಜಪಾನಿಯ ದಕಾರ ನಮ್ಮ ‘ದ’ಗೆ ಹತ್ತಿರ, ‘ಡ’ಗೆ ಅಲ್ಲ; ಹಾಗಾಗಿ ‘ದೈಫುಕು’. ಟೋಕಿಯೊ ನಮ್ಮಲ್ಲಿ ಆಗಲೇ ಬೇರುಬಿಟ್ಟ ರೂಪ, ಅದನ್ನು ಕೀಳುವುದು ಬೇಡ. ಹೊಸದಾಗಿ ಬರುತ್ತಿರುವ ಪದಗಳನ್ನಾದರೂ ಸರಿಯಾಗಿ ಬರಮಾಡಿಕೊಳ್ಳೋಣ.

‘ವಗಶಿ’ಯ ಮಾತು ಇನ್ನೂ ಸೊಗಸು. ಮೆಯಿಜಿ ಕಾಲದಲ್ಲಿ (1868-1912) ಪಶ್ಚಿಮದ ಕೇಕು ಬಿಸ್ಕತ್ತುಗಳು ಬಂದ ಮೇಲೆ, ತಮ್ಮವನ್ನು ಬೇರೆಯಾಗಿ ಗುರುತಿಸಲು ಜಪಾನೀಯರು ಬಳಸತೊಡಗಿದ ಪದ ಇದು. ‘ವ’ ಎಂದರೆ ಜಪಾನಿನ, ‘ಕಶಿ’ ಎಂದರೆ ಸಿಹಿತಿಂಡಿ. ಎರಡೂ ಸೇರಿದಾಗ ಕಕಾರ ಗಕಾರವಾಗಿ ವಗಶಿ. ನಮ್ಮ ಆದೇಶ ಸಂಧಿಯಲ್ಲಿ ಮಳೆ ಮತ್ತು ಕಾಲ ಸೇರಿ ಮಳೆಗಾಲ ಆಗುವುದೂ ಹೀಗೆಯೇ. ಎಲ್ಲರೂ ಕೇಳಿರುವ ಒರಿಗಮಿಯಲ್ಲೂ ಇರುವುದು ಇದೇ: ಮಡಿಸುವುದಕ್ಕೆ ‘ಒರಿ’, ಕಾಗದಕ್ಕೆ ‘ಕಮಿ’. ಕ ತ ಪಗಳಿಗೆ ಗ ದ ಬಗಳು ಬರುತ್ತವೆ ಎಂದು ಶಾಲೆಯಲ್ಲಿ ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಕರಾವಳಿಯ ಓದುಗರು ಮಾತ್ರ ‘ಗಶಿ’ ಎಂಬುದನ್ನು ಕಂಡು ಕೋಳಿ ಗಸಿಯನ್ನು ನೆನೆದಾರು. ಅದಕ್ಕಾಗಿಯೇ ಲೇಖನದಲ್ಲಿ ಪದವನ್ನು ಒಮ್ಮೆ ಬಿಡಿಸಿ ತೋರಿಸಬೇಕೆಂದಿದ್ದೇನೆ.

ಕಶಿ ಎಂಬುದಕ್ಕೆ ಮೊದಲು ಇದ್ದ ಅರ್ಥ ಹಣ್ಣು ಎಂದೇ. ಸಕ್ಕರೆಯ ತಿಂಡಿ ಎಂಬ ಅರ್ಥ ಆಮೇಲೆ ಬಂದದ್ದು. ತಜಿಮಮೊರಿ ಎಂಬವನು ಚಕ್ರವರ್ತಿಯ ಅಪ್ಪಣೆಯಂತೆ ದೂರದ ‘ತೊಕೊಯೊ’ ನಾಡಿಗೆ ಹೋಗಿ ತಚಿಬನ ಎಂಬ ಕಿತ್ತಳೆ ಜಾತಿಯ ಹಣ್ಣನ್ನು ತಂದನೆಂಬ ಕಥೆ 8ನೆಯ ಶತಮಾನದ ‘ಕೊಜಿಕಿ’ ಎಂಬ ಜಪಾನಿ ಗ್ರಂಥದಲ್ಲಿದೆ. ಹಣ್ಣು ತಂದ ಆ ಮನುಷ್ಯನನ್ನೇ ಇಂದು ಸಿಹಿತಿಂಡಿಯ ದೇವರೆಂದು ಹ್ಯೋಗೊ ಪ್ರಾಂತ್ಯದ ನಕಶಿಮ ದೇಗುಲದಲ್ಲಿ ಪೂಜಿಸುತ್ತಾರೆ. ಹಣ್ಣಿಗೆ ‘ಮಿಜುಗಶಿ’, ಅಂದರೆ ನೀರಿನ ಕಶಿ, ಎಂಬ ಹಳೆಯ ಹೆಸರೂ ಉಂಟು. ಮೊಚಿಯೊಳಗೆ ಹಣ್ಣಿಡುವುದು ತೀರ ಈಚಿನ ರೂಢಿ. ಸ್ಟ್ರಾಬೆರಿ ಇಟ್ಟ ‘ಇಚಿಗೊ ದೈಫುಕು’ ಹುಟ್ಟಿದ್ದೇ 1980ರ ದಶಕದಲ್ಲಿ. ಟೋಕಿಯೊದ ಓಸುಮಿ ತಮಯ ಅಂಗಡಿಯವರು 1985ರಲ್ಲಿ ತಾವು ಮಾಡಿದ್ದೇ ಮೊದಲು ಎನ್ನುತ್ತಾರೆ, ಬೇರೆ ಅಂಗಡಿಗಳೂ ಹಾಗೆಯೇ ಹೇಳಿಕೊಳ್ಳುತ್ತವೆ. ಹೊಸ ತಿಂಡಿಯೇ ಆದರೂ ಅದು ಕಶಿ ಎಂಬ ಪದದ ಹಳೆಯ ಅರ್ಥಕ್ಕೆ ಹತ್ತಿರ ಬಂದಿದೆ ಎಂಬುದು ನನಗೆ ಬಹಳ ಇಷ್ಟವಾಯಿತು.

ಇನ್ನು ತಿಂಡಿಯ ಒಳಹೊರಗು. ನಾನು ಕೊಂಡ ದೈಫುಕುವಿನ ಜೊತೆ ಅಂಗಡಿಯವರು ಒಂದು ದಾರವನ್ನೂ ಕೊಟ್ಟರು. ಚಾಕು ಹಾಕಿದರೆ ಮೊಚಿ ಅಲಗಿಗೆ ಮೆತ್ತಿಕೊಂಡು ಎಳೆದಾಡುತ್ತದೆ, ಹಣ್ಣು ನಜ್ಜುಗುಜ್ಜಾಗುತ್ತದೆ. ದಾರವನ್ನು ಉಂಡೆಯ ನಡುವಿಗೆ ಒಂದು ಸುತ್ತು ಬಳಸಿ, ತುದಿಗಳನ್ನು ಅಡ್ಡಹಾಯಿಸಿ ಎರಡೂ ಕಡೆ ಎಳೆದರೆ ಸುತ್ತಲಿಂದಲೂ ಒಂದೇ ಸಮನೆ ಕುಯ್ದುಕೊಂಡು ಹೋಗುತ್ತದೆ. ಹೋಳು ಮಾಡಿ ನೋಡಿದರೆ ಹೊರಗೆ ಕಾಗದದಷ್ಟೇ ದಪ್ಪವೇನೋ ಎನ್ನಿಸುವ ಬಿಳಿಯ ಅಂಚು, ಅದರೊಳಗೆ ಬಿಳಿ ಬೀನ್ಸ್ ಕಾಳನ್ನು ಬೇಯಿಸಿ ಅರೆದ ಸಿಹಿ, ನಡುವೆ ಇಡೀ ಕಿತ್ತಳೆ. ತೊಳೆಗಳ ನಡುವಿನ ಪೊರೆಯ ಗೆರೆಗಳು ಚಕ್ರದ ಅರಗಳ ಹಾಗೆ ಎದ್ದು ಕಾಣುತ್ತವೆ. ಅಂದೇ ತಿನ್ನಬೇಕೆಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ತಡಮಾಡಿದರೆ ಹಣ್ಣು ನೀರು ಬಿಡುತ್ತದೆ.

ಇದನ್ನು ‘ಹಣ್ಣಿನ ಹೂರಣದ ಮೊಚಿ’ ಎಂದರೆ ತಪ್ಪಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಹೂರಣ ಎಂದ ಕೂಡಲೇ ನಮಗೆ ಬೇಯಿಸಿ ರುಬ್ಬಿದ್ದು ನೆನಪಾಗುತ್ತದೆ. ಇಲ್ಲಿ ಹೂರಣವೆಂದರೆ ಕಾಳಿನ ಸಿಹಿಯೇ. ಜಪಾನಿಯಲ್ಲಿ ಅದಕ್ಕೆ ‘ಅನ್’ ಎನ್ನುತ್ತಾರೆ. ಹಣ್ಣು ಹಸಿಯದು, ಇಡಿಯದು, ಹೂರಣದ ಒಳಗಿರುವುದು. ‘ಒಡಲಲ್ಲಿ ಹಣ್ಣಿಟ್ಟ’ ಎಂದು ಬರೆದಿದ್ದೇನೆ. ಹಿಂದೆ ದೈಫುಕುವಿಗೆ ‘ದೊಡ್ಡ ಹೊಟ್ಟೆಯ ಮೊಚಿ’ ಎಂಬ ಹೆಸರಿತ್ತು. ಹೊಟ್ಟೆ ಮತ್ತು ಭಾಗ್ಯ ಎರಡಕ್ಕೂ ‘ಫುಕು’ ಎಂಬ ಒಂದೇ ಉಚ್ಚಾರವಿರುವುದರಿಂದ ಮುಂದೆ ಅದು ‘ದೊಡ್ಡ ಭಾಗ್ಯ’ವಾಯಿತು. ಆದ್ದರಿಂದ ಒಡಲು ಎಂಬ ಮಾತು ಇಲ್ಲಿಗೆ ಒಗ್ಗುತ್ತದೆ.

ಹೊರಪದರಕ್ಕೆ ‘ಕಣಕ’ ಎನ್ನಬಹುದೇ? ಹೋಳಿಗೆಯ ಕಣಕ ಹಸಿ ಹಿಟ್ಟು, ಹೂರಣ ತುಂಬಿ ಲಟ್ಟಿಸಿದ ಮೇಲೆ ಬೇಯುವಂಥದ್ದು. ಮೊಚಿಯದು ಮೊದಲೇ ಬೆಂದದ್ದು, ಹೂರಣದ ಮೇಲೆ ಮುಚ್ಚಿದರೆ ಕೆಲಸ ಮುಗಿಯಿತು. ಹಬ್ಬದ ಮೊಚಿಗೆ ಅಕ್ಕಿಯನ್ನು ಹಬೆಯಲ್ಲಿ ಬೇಯಿಸಿ ಒರಳಿನಲ್ಲಿ ಹಾಕಿ ಮರದ ಕೊಡತಿಯಿಂದ ಕುಟ್ಟುತ್ತಾರೆ. ಹಣ್ಣಿನ ದೈಫುಕುವಿಗೆ ಬಹಳ ಕಡೆ ಬಳಸುವುದು ‘ಗ್ಯೂಹಿ’. ಅಕ್ಕಿಹಿಟ್ಟಿಗೆ ನೀರು ಮತ್ತು ಸಕ್ಕರೆ ಸೇರಿಸಿ ಒಲೆಯ ಮೇಲೆ ಗೊಟಾಯಿಸಿ ಮಾಡುವಂಥದ್ದು. ಸಕ್ಕರೆ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಗ್ಯೂಹಿ ಬೇಗ ಗಟ್ಟಿಯಾಗುವುದಿಲ್ಲ. ಬರಿಯ ಮೊಚಿ ಮಾರನೆಯ ದಿನಕ್ಕೆ ಬಿರುಸಾಗುತ್ತದೆ. ‘ಕಣಕ’ ಎಂಬುದನ್ನೇ ಇಟ್ಟುಕೊಂಡು, ಬೆಂದ ಕಣಕ ಎಂದು ಒಮ್ಮೆ ವಿವರಿಸಿದರೆ ಸಾಕೇ? ಮೋದಕ, ಕಡುಬು ಮಾಡುವ ಮನೆಗಳಲ್ಲಿ ಉಕ್ಕರಿಸಿದ ಹಿಟ್ಟಿನ ಹೊದಿಕೆಗೆ ಬೇರೆ ಹೆಸರಿದ್ದರೆ ತಿಳಿಸಿ.

ಅಕ್ಕಿಯ ಬಗ್ಗೆ ಒಂದು ಎಚ್ಚರಿಕೆಯ ಮಾತು. ಮೊಚಿಯ ಅಕ್ಕಿಗೆ ಇಂಗ್ಲಿಷಿನಲ್ಲಿ ಹೇಳುವ ‘ಗ್ಲುಟಿನಸ್’ ಎಂಬುದನ್ನು ಕಂಡು ಇದರಲ್ಲಿ ಗೋಧಿಯಲ್ಲಿರುವ ಗ್ಲುಟೆನ್ ಇದೆ ಎಂದು ಬರೆಯಬಾರದು. ಈ ಅಕ್ಕಿಯಲ್ಲಿ ಗ್ಲುಟೆನ್ ಇರುವುದಿಲ್ಲ. ಅಂಟಿಗೆ ಕಾರಣ ಅದರ ಪಿಷ್ಟ ಬಹುಪಾಲು ಅಮೈಲೊಪೆಕ್ಟಿನ್ ಎಂಬ ಬಗೆಯದಾಗಿರುವುದು. ಗೋಧಿ ಒಗ್ಗದವರು ಓದುವ ಬರಹದಲ್ಲಿ ಇದು ಸಣ್ಣ ವಿಷಯವಲ್ಲ. ‘ಅಂಟಕ್ಕಿ’ ಎಂದರೆ ಚೊಕ್ಕವಾಗಿದೆ. ಅಸ್ಸಾಮಿನ ಬೊರಾ ಅಕ್ಕಿಯೂ ಇದೇ ಬಗೆಯದು, ಅದಕ್ಕೂ ಈ ಮಾತು ಸಲ್ಲುತ್ತದೆ. ಹಾಗೆಯೇ, ಅನ್ ಮಾಡಲು ಹೆಚ್ಚಾಗಿ ಬಳಸುವ ಅಜುಕಿಯನ್ನು ‘ಕೆಂಪು ಅಲಸಂದೆ’ ಎಂದೋ ‘ರಾಜ್ಮಾ’ ಎಂದೋ ಬರೆಯುವುದು ಬೇಡ. ಅದು ಹೆಸರು, ಉದ್ದು, ಅಲಸಂದೆಗಳ ಕುಲದ್ದೇ ಆದರೂ ಬೇರೆಯ ಕಾಳು. ಅಜುಕಿ ಎಂದೇ ಇರಲಿ.

ಈಗ ಉತ್ತರ ಸಿಗದ ಪ್ರಶ್ನೆ. ಬಾಯಿಗಿಟ್ಟಾಗ ಮೊಚಿ ಕೊಡುವ ಅನುಭವಕ್ಕೆ ಜಪಾನೀಯರು ‘ಮೊಚಿಮೊಚಿ’ ಎನ್ನುತ್ತಾರೆ. ಬ್ರೆಡ್ಡಿಗೂ ನೂಡಲ್ಸಿಗೂ ಅದನ್ನೇ ಹೇಳುತ್ತಾರೆ, ಹೊಗಳಿಕೆಯಾಗಿ. ಮೆತ್ತಗಿರಬೇಕು, ಕಚ್ಚಿದರೆ ಕೂಡಲೇ ಹರಿಯದೆ ಹಿಗ್ಗಬೇಕು, ಹಲ್ಲನ್ನು ಹಿಂದಕ್ಕೆ ತುಸು ತಳ್ಳಬೇಕು. ಇಷ್ಟೂ ಒಂದೇ ಮಾತಿನಲ್ಲಿ ಬರುತ್ತದೆ. ಗರಿಗರಿ, ಕುರುಕುರು, ಮೆದುಮೆದು, ಲೊಳಲೊಳ ಎಂದು ಅನುಕರಣಾವ್ಯಯಗಳ ದೊಡ್ಡ ಭಂಡಾರವೇ ನಮ್ಮಲ್ಲಿದೆ. ಆದರೆ ‘ಜಿಗುಟು’ ಎಂದರೆ ಬೈದಂತೆ, ‘ಅಂಟಂಟು’ ಎಂದರೆ ಕೈ ತೊಳೆಯಬೇಕೆನ್ನಿಸುತ್ತದೆ. ‘ಮೆದುಮೆದು’ವಿನಲ್ಲಿ ಹಿಗ್ಗುವ ಗುಣವಿಲ್ಲ. ‘ಜಿಗಿಜಿಗಿ’ ಸ್ವಲ್ಪ ಹತ್ತಿರ ಬರುತ್ತದೆ, ಅದನ್ನೂ ಮೆಚ್ಚುಗೆಯಾಗಿ ಕೇಳಿದ ನೆನಪಿಲ್ಲ.

ನಿಮ್ಮ ಊರಿನಲ್ಲಿ ಹಲಸಿನ ತೊಳೆಗೋ, ಹಲ್ವಕ್ಕೋ, ಒತ್ತು ಶಾವಿಗೆಗೋ ಇಂಥ ಹೊಗಳಿಕೆಯ ಮಾತು ಬಳಕೆಯಲ್ಲಿದೆಯೇ? ಇದ್ದರೆ ಯಾವ ಕಡೆಯದು, ಯಾವ ವಾಕ್ಯದಲ್ಲಿ ಬಳಸುತ್ತಾರೆ ಎಂಬುದನ್ನೂ ಸೇರಿಸಿ ಬರೆಯಿರಿ. ಎಲ್ಲೂ ಸಿಗದಿದ್ದರೆ ‘ಮೊಚಿಮೊಚಿ’ ಎಂಬುದನ್ನೇ ಕನ್ನಡಕ್ಕೆ ತರಲು ಯಾರಿಗಾದರೂ ತಕರಾರಿದೆಯೇ ಎಂಬುದನ್ನೂ ತಿಳಿಸಿ.