ಇಂಗ್ಲಿಷಿನ ಆಲ್ದೋ (although) ಪದಕ್ಕೆ ‘ಆದಾಗ್ಯೂ’ ಅನ್ನುವ ಅರ್ಥ ಸರಿಯೇ?

ಗೆಳೆಯರೆ,

ಹೈಸ್ಕೂಲು ಮಕ್ಕಳ ಇಂಗ್ಲಿಷ್ ಪ್ರಬಂಧ ತಿದ್ದುವಾಗ ಒಂದು ತಪ್ಪು ಮತ್ತೆ ಮತ್ತೆ ಕಾಣುತ್ತದೆ: ‘ಇಟ್ ರೇನ್ಡ್. ಆಲ್ದೋ, ದ ಮ್ಯಾಚ್ ಡಿಡ್ ನಾಟ್ ಸ್ಟಾಪ್.’ ಸುಮ್ನೆ ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಅವರು ಬಾಯಿಪಾಠ ಮಾಡಿದ ಪದಪಟ್ಟಿಯಲ್ಲಿ ಆಲ್ದೋ ಎಂದರೆ ‘ಆದಾಗ್ಯೂ’ ಅಂತಿದೆ. ಆ ಅರ್ಥ ಇಟ್ಟುಕೊಂಡೇ ಓದಿ: ‘ಮಳೆ ಬಂತು. ಆದಾಗ್ಯೂ ಆಟ ನಿಲ್ಲಲಿಲ್ಲ.’ ಕನ್ನಡದಲ್ಲಿ ಏನೂ ತಪ್ಪಿಲ್ಲ, ಅಲ್ವಾ?

ನನಗನಿಸುವಂತೆ ‘ಆದಾಗ್ಯೂ’ ಹೊಂದುವುದು ಹೌಎವರ್‌ಗೆ. ಎರಡೂ ಒಂದು ಮಾತು ಮುಗಿದ ಮೇಲೆ ಬಂದು ಮುಂದಿನ ಮಾತಿನ ಜೊತೆ ಕೂರುತ್ತವೆ. ಆಲ್ದೋ ಹಾಗಲ್ಲ, ಅದು ಮಳೆಯ ಮಾತಿಗೇ ಅಂಟಿಕೊಳ್ಳಬೇಕು: ‘ಆಲ್ದೋ ಇಟ್ ರೇನ್ಡ್, ದ ಮ್ಯಾಚ್ ಡಿಡ್ ನಾಟ್ ಸ್ಟಾಪ್.’ ನಮ್ಮಲ್ಲಿ ಆ ಕೆಲಸಕ್ಕೆ ಬಿಡಿ ಪದವೇ ಬೇಕಿಲ್ಲ. ‘ಬಂದರೆ’ಗೆ ‘ಊ’ ಸೇರಿಸಿ ‘ಮಳೆ ಬಂದರೂ’ ಅಂದರೆ ಮುಗಿಯಿತು. ಆಲ್ದೋದ ಜೊತೆಗಾರ ದೋ (though) ಇನ್ನೂ ತರಲೆ. ಅದು ಆಲ್ದೋ ಮಾಡುವ ಕೆಲಸವನ್ನೂ ಮಾಡುತ್ತದೆ, ‘ಇಟ್ ವಾಸ್ ಟೇಸ್ಟಿ, ದೋ’ ಅಂತ ಮಾತಿನ ಕೊನೆಗೂ ಬರುತ್ತದೆ. ಆ ಕೊನೆಯ ಜಾಗ ಆಲ್ದೋಗೆ ಇಲ್ಲ.

ಇನ್ನೊಂದು ಕಾಟ ‘ಆಲ್ದೋ... ಬಟ್’ ಜೋಡಿ. ಹಿಂದಿಯಲ್ಲಿ ‘ಹಾಲಾಂಕಿ... ಲೇಕಿನ್’, ಸಂಸ್ಕೃತದಲ್ಲಿ ‘ಯದ್ಯಪಿ... ತಥಾಪಿ’ ಜೊತೆಯಾಗಿ ಬರುತ್ತವೆ. ಹಾಗಾಗಿ ಹಿಂದಿಯವರು ಹೀಗೆ ಬರೆದರೆ ಕಾರಣ ಹೊಳೆಯುತ್ತದೆ. ಆದರೆ ‘ಮಳೆ ಬಂದರೂ ಆದರೆ ಆಟ ನಿಲ್ಲಲಿಲ್ಲ’ ಅಂತ ಕನ್ನಡದ ಯಾವ ಮಗು ಹೇಳುತ್ತದೆ? ನಮ್ಮವರಿಗೆ ಈ ಚಾಳಿ ಎಲ್ಲಿಂದ ಅಂಟಿತೋ! ಜೋಡಿ ಬೇಕೇ ಬೇಕು ಅನ್ನುವವರಿಗೆ ಇಂಗ್ಲಿಷಿನಲ್ಲಿ ಯೆಟ್ ಇದೆ. 1611ರ ಕಿಂಗ್ ಜೇಮ್ಸ್ ಬೈಬಲ್ಲಿನ ಯೋಬನ ಪುಸ್ತಕದಲ್ಲೇ ‘ದೋ ಹಿ ಸ್ಲೇ ಮಿ, ಯೆಟ್ ವಿಲ್ ಐ ಟ್ರಸ್ಟ್ ಇನ್ ಹಿಮ್’ ಅಂತ ಬರುತ್ತದೆ. ಬಟ್ ಮಾತ್ರ ಅಲ್ಲಿ ಕೂರುವುದಿಲ್ಲ.

ಈಗ ನನ್ನ ಪ್ರಶ್ನೆ. ಎಂಟನೇ ತರಗತಿಗೆ ಹೊಸ ಪದಪಟ್ಟಿ ಮಾಡುತ್ತಿದ್ದೇನೆ. ಆಲ್ದೋ ಎದುರಿಗೆ ಏನು ಬರೆಯಲಿ? ಬರೀ ‘-ರೂ’ ಅಂತ ಬರೆದರೆ ಮಕ್ಕಳು ಕಕ್ಕಾಬಿಕ್ಕಿಯಾಗುತ್ತಾರೆ. ‘ಹಾಗಿದ್ದರೂ’ ಅಂದರೆ ಮತ್ತೆ ಅದೇ ಗೋಳು, ಅದೂ ಎರಡನೇ ವಾಕ್ಯಕ್ಕೇ ಹೋಗಿ ಕೂರುತ್ತದೆ. ಅರ್ಥ ಕೊಡುವ ಬದಲು ‘ಬಂದರೂ, ಇದ್ದರೂ, ಹೇಳಿದರೂ’ ಅಂತ ಮಾದರಿ ಕೊಟ್ಟರೆ ಸಾಕೇ? ಪಾಠ ಮಾಡುವವರು, ನಿಘಂಟಿನ ಕೆಲಸ ಮಾಡಿದವರು ದಯವಿಟ್ಟು ಹೇಳಿ. ಬಿಕಾಸ್ ಎದುರಿನ ‘ಏಕೆಂದರೆ’ಯದೂ ಇದೇ ತೊಡಕು, ಅದನ್ನು ಇನ್ನೊಮ್ಮೆ ಕೇಳುತ್ತೇನೆ.