ಸಹಾಯ ಬೇಕು: ಥಿಯೋರ್ಬೊದ ಮಂದ್ರ ತಂತಿಗೆ ಯಾವುದು ಹಾಕಲಿ?

ನಮಸ್ಕಾರ. ಇಲ್ಲಿ ಬರೋಕ್ (17-18ನೇ ಶತಮಾನದ ಯುರೋಪಿಯನ್ ಸಂಗೀತ) ವಾದ್ಯ ನುಡಿಸುವವರು, ರಿಪೇರಿ ಗೊತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ನೋಡಿ.

ನಾನಿರೋದು ನೆದರ್‌ಲ್ಯಾಂಡ್ಸ್‌ನಲ್ಲಿ. ಹಾಡುಗಾರರ ಜೊತೆ ಪಕ್ಕವಾದ್ಯಕ್ಕೆ 14 ತಂತಿಯ ಥಿಯೋರ್ಬೊ (ಉದ್ದ ಕತ್ತಿನ, ಬೆರಳಿಂದ ಮೀಟೋ ಹಳೇ ಯುರೋಪಿಯನ್ ತಂತಿವಾದ್ಯ) ನುಡಿಸ್ತೀನಿ, ಶ್ರುತಿ ‘ಎ’ ಸ್ವರಕ್ಕೆ 415 ಹರ್ಟ್ಸ್. ಬೆರಳೊತ್ತಿ ನುಡಿಸೋ ಮೆಟ್ಟಿಲುಗಳ ಮೇಲಿನ 6 ತಂತಿ 76 ಸೆಂ.ಮೀ., ಉದ್ದ ಕತ್ತಿನ, ಒತ್ತದೆ ಹಾಗೇ ಮೀಟೋ 8 ಮಂದ್ರ ತಂತಿ 140 ಸೆಂ.ಮೀ.

ಮಂದ್ರಕ್ಕೆ ಹಾಕಿದ್ದ ಲೋಹ ಸುತ್ತಿದ ತಂತಿಗಳದ್ದೇ ಗೋಳು. ಮೀಟಿದ್ರೆ ತಂಬೂರಿ ಥರ ಗುಂಯ್ ಅಂತಾನೇ ಇರುತ್ತೆ, ಮುಂದಿನ ಸ್ವರ ಬಂದ್ರೂ ಹಿಂದಿನದು ಬಿಡಲ್ಲ. ಅಂಗೈಯಿಂದ ಒತ್ತಿ ನಿಲ್ಲಿಸಿ ನೋಡಿದೆ, ವೇಗದ ಕಡೆ ಆಗಲ್ಲ. 7ರಿಂದ 11ನೇ ತಂತಿವರೆಗೆ ಕಾರ್ಬನ್ (ಒಂದು ಬಗೆಯ ಪ್ಲಾಸ್ಟಿಕ್ ತಂತಿ) ಹಾಕಿದೆ, ಅಲ್ಲಿ ಚೆನ್ನಾಗಿದೆ, ಸ್ವಲ್ಪ ಚುರುಕು ಜಾಸ್ತಿ ಅಷ್ಟೇ.

ಸಿಕ್ಕಿಹಾಕಿಕೊಂಡಿರೋದು ಕೆಳಗಿನ ಮೂರರಲ್ಲಿ. 14ನೇ ತಂತಿ ಕೆಳಗಿನ ‘ಜಿ’ ಸ್ವರ, ಸುಮಾರು 46 ಹರ್ಟ್ಸ್. 2.8 ಕೆ.ಜಿ. ಬಿಗಿತಕ್ಕೆ ಲೆಕ್ಕ ಹಾಕಿದ್ರೆ ಲೋಹ ಸುತ್ತದ, ಬರೀ ಪ್ರಾಣಿ ಕರುಳಿನ ತಂತಿ 1.28 ಮಿ.ಮೀ. ದಪ್ಪ ಬೇಕು, ಕಾರ್ಬನ್ ಆದ್ರೆ 1.1 ಸಾಕು. ಕರುಳಿನ ನಾದ ಬೇಗ ತಣ್ಣಗಾಗುತ್ತೆ, ನನಗೆ ಬೇಕಿರೋದೂ ಅದೇ. ಆದ್ರೆ ಅಷ್ಟು ದಪ್ಪದ್ದು ಕುದುರೆಯ (ತಂತಿ ಕಟ್ಟೋ ಮರದ ಪಟ್ಟಿ) ತೂತಿಗೆ ಹೋಗಲ್ಲ. ಚಳಿಗಾಲದಲ್ಲಿ ಹೀಟರ್ ಹಾಕಿದ್ರೆ ಶ್ರುತಿ ಬೇರೆ ಓಡುತ್ತೆ. ಬೆಲೆಯ ಮಾತು ಬೇಡ ಬಿಡಿ.

140 ಸೆಂ.ಮೀ. ಉದ್ದಕ್ಕೆ 12, 13, 14ನೇ ತಂತಿ ಬರೀ ಕರುಳಿನದ್ದು ಹಾಕಿರೋರು ಇದ್ದೀರಾ? ಬಿಗಿತ 2.4 ಕೆ.ಜಿ.ಗೆ ಇಳಿಸಿ ತೆಳ್ಳಗಿನದ್ದು ಹಾಕಿದ್ರೆ ನಾದ ಮಂಕಾಗುತ್ತಾ, ಇಲ್ಲ ತೂತು ಅಗಲ ಮಾಡಿಸಿ ಪೂರ್ತಿ ದಪ್ಪದ್ದೇ ಹಾಕೋದು ಒಳ್ಳೇದಾ?